ನಮ್ಮ ಸೈಟಿನ ಮಣ್ಣು, ಕೆಳಗಿನವರ ತೋಟ

(ರಜತ ಮಹೋತ್ಸವದ ಸದಸ್ಯರ ಗೋಷ್ಠಿಯಲ್ಲಿ ಕಟ್ಟಡ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ದಿನ ಸಾಧನೆಯ ಮಾತನ್ನೇ ಆಡಬೇಕು, ನಿಜ. ಠೇವಣಿ, ಸಾಲ, ವಸೂಲಿಯ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಒಪ್ಪಿಸಿದ್ದಾರೆ. ಕಟ್ಟಡ ಉಪಸಮಿತಿಯಲ್ಲಿದ್ದ ನಾವು ಮಾತ್ರ ಒಂದು ತಪ್ಪಿನ ಲೆಕ್ಕ ಒಪ್ಪಿಸಲು ನಿಂತಿದ್ದೇವೆ.

ಮೂರು ವರ್ಷದ ಹಿಂದೆ ಗೋದಾಮಿನ ಜಾಗ ಸಮ ಮಾಡಲು ಮೇ ತಿಂಗಳ ಕೊನೆಗೆ ಜೆಸಿಬಿ ತರಿಸಿದೆವು. "ಮಳೆಗೆ ಇನ್ನೂ ಹದಿನೈದು ದಿನ ಇದೆ ಬಿಡಿ" ಅಂದವರೂ ನಾವೇ. ಧರೆ ಕಡಿದು ಮಣ್ಣನ್ನು ಕೆಳಬದಿಗೆ ರಾಶಿ ಹಾಕಿಸಿದೆವು. ಆರಿದ್ರಾ ಮಳೆ ಹಿಡಿದದ್ದೇ ತಡ, ರಾಶಿ ಅರ್ಧಕ್ಕರ್ಧ ಕರಗಿ ಚರಂಡಿ ಸೇರಿತು, ಮೋರಿ ಕಟ್ಟಿಕೊಂಡಿತು, ನೀರೆಲ್ಲ ಪಕ್ಕಕ್ಕೆ ನುಗ್ಗಿ ಕೆಳಗಿನ ಸದಸ್ಯರೊಬ್ಬರ ಅಡಿಕೆ ತೋಟಕ್ಕೆ ಇಳಿಯಿತು. ಬಸಿಗಾಲುವೆಗಳೆಲ್ಲ ಕೆಂಪು ಕೆಸರಿನಿಂದ ತುಂಬಿಹೋದವು. ನಾವು ನೋಡಲು ಹೋದಾಗ ಅವರು ಜಗಳ ಆಡಲಿಲ್ಲ. ಕೂರಿಸಿ ಕವಳ ಕೊಟ್ಟು, "ಸೊಸೈಟಿ ನಮ್ಮೆಲ್ಲರದ್ದು ಹೌದು ಮಾರಾಯ್ರೇ, ಮಣ್ಣು ಬಂದದ್ದು ಮಾತ್ರ ನನ್ನೊಬ್ಬನ ತೋಟಕ್ಕೆ" ಅಂದರು. ಆ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಮಳೆಗಾಲ ಕಳೆದ ಮೇಲೆ ಸಂಘದ ಖರ್ಚಿನಲ್ಲೇ ಕಾಲುವೆ ತೆಗೆಸಿಕೊಟ್ಟೆವು. ಆದರೆ ನೀರು ನಿಂತು ಹಳದಿಯಾದ ಮರಗಳನ್ನು ಯಾರೂ ತೆಗೆದುಕೊಡಲು ಆಗುವುದಿಲ್ಲ.

"ತೋಟಕ್ಕೆ ಮಣ್ಣು ಬಂದರೆ ಒಳ್ಳೇದಲ್ವಾ, ದುಡ್ಡು ಕೊಟ್ಟು ಮಣ್ಣು ಹಾಕಿಸ್ತೇವಲ್ಲ" ಎಂದು ಕೆಲವರು ಕೇಳಿದ್ದುಂಟು. ನಾವು ಹಾಕಿಸುವುದು ಬೇಸಿಗೆಯಲ್ಲಿ, ಮರದ ಬುಡಕ್ಕೆ, ಬೇಕಾದಷ್ಟೇ. ಕಾಲುವೆಯನ್ನು ತೆರೆದೇ ಇಟ್ಟಿರುತ್ತೇವೆ. ಸೈಟಿನಿಂದ ಬರುವುದು ಧರೆಯ ಅಡಿಯ ಸತ್ವವಿಲ್ಲದ ಮಣ್ಣು. ಅದು ಮೊದಲು ಮುಚ್ಚುವುದೇ ಬಸಿಗಾಲುವೆಯನ್ನು. ಅಡಿಕೆ ಮರಕ್ಕೆ ನೀರು ಬೇಕು, ನಿಂತ ನೀರು ಆಗದು. ಬೇರು ಉಸಿರು ಕಟ್ಟುತ್ತದೆ. 2019ರ ಆಗಸ್ಟಿನಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಕುಸಿದು ತೋಟ, ಗದ್ದೆಗಳ ಮೇಲೆ ಮಣ್ಣು ಬಂದು ಕೂತಿತ್ತು. ಅದು ಒಂದೇ ಸಲಕ್ಕೆ ಬಂದ ಅನಾಹುತ, ಎಲ್ಲರ ಕಣ್ಣಿಗೂ ಬಿತ್ತು. ಸೈಟಿನ ಮಣ್ಣು ಮಳೆಗಾಲವಿಡೀ ಸ್ವಲ್ಪಸ್ವಲ್ಪವೇ ಬರುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ.

ನಮ್ಮ ಮಳೆಯ ಲೆಕ್ಕವನ್ನೂ ನೋಡಿ. ಹತ್ತು ಗುಂಟೆ ಸೈಟಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರಾಯಿತು. ಮಳೆಗಾಲದಲ್ಲಿ ನಮ್ಮ ಕಡೆ ಅದೇನೂ ಅಪರೂಪದ ಮಳೆ ಅಲ್ಲ. ಆಗುಂಬೆಯಲ್ಲಂತೂ ವರ್ಷದ ಸರಾಸರಿಯೇ 7,000 ಮಿಲಿಮೀಟರ್ ದಾಟುತ್ತದೆ. ಕಾಡು, ಸೊಪ್ಪಿನಬೆಟ್ಟದ ಮೇಲೆ ಬಿದ್ದ ಹನಿಯನ್ನು ಎಲೆ, ತರಗು, ಬೇರು ಹಿಡಿಯುತ್ತವೆ. ಕಡಿದ ಧರೆಯ ಮೇಲೆ ಬಿದ್ದ ನೀರು ಮಣ್ಣನ್ನೂ ಹೊತ್ತುಕೊಂಡೇ ಹೊರಡುತ್ತದೆ.

ಹೊರಟ ಮಣ್ಣು ಎಲ್ಲಿಗೆ ಹೋಗುತ್ತದೆ? ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕಿನಲ್ಲಿ ಹರಿದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಲ್ಲುತ್ತಾಳೆ. 1964ರಲ್ಲಿ ಆ ಅಣೆಕಟ್ಟಿಗಾಗಿ ಮನೆ, ಗದ್ದೆ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ಈ ಸಭೆಯಲ್ಲೂ ಇದ್ದಾರೆ. ಅಷ್ಟು ತ್ಯಾಗ ಮಾಡಿ ಕಟ್ಟಿದ ಜಲಾಶಯದ ಹೊಟ್ಟೆಗೆ ಹೂಳು ತುಂಬುವವರೂ ನಾವೇ ಆಗಬಾರದು. ಅಲ್ಲಿಗೆ ಮುಟ್ಟುವ ಮೊದಲು ಊರ ಕೆರೆ ಇದೆ. ಸಾಗರ ಪಟ್ಟಣಕ್ಕೆ ಹೆಸರು ಬಂದದ್ದೇ ಕೆಳದಿಯ ಸದಾಶಿವ ನಾಯಕರು ಕಟ್ಟಿಸಿದ ಕೆರೆಯಿಂದ ಎಂದು ಹಿರಿಯರು ಹೇಳುತ್ತಾರೆ. ಕೆರೆಯಿಂದ ಹೆಸರು ಪಡೆದ ಸೀಮೆಯವರು ನಾವು. ಒಂದು ಕಡೆ ದುಡ್ಡು ಸುರಿದು ಹೂಳೆತ್ತುವುದು, ಇನ್ನೊಂದು ಕಡೆ ಮೇಲಿನಿಂದ ಮಣ್ಣು ಬಿಡುವುದು, ಇದು ಯಾವ ಲೆಕ್ಕ?

ಇದಕ್ಕೆ ಕಾನೂನು ಇಲ್ಲವೇ ಎಂದರೆ, ಇದೆ. ಆದರೆ ದೊಡ್ಡದು ದೊಡ್ಡವರಿಗೆ. ಕೇಂದ್ರದ 2006ರ ಅಧಿಸೂಚನೆ ಕಟ್ಟಡಕ್ಕೆ ಪರಿಸರ ಅನುಮತಿ ಕೇಳುವುದು 20,000 ಚದರ ಮೀಟರಿನಿಂದ ಮೇಲೆ. ನಮ್ಮ ಮನೆ, ಗೋದಾಮು, ಹೋಮ್‌ಸ್ಟೇ ಯಾವುದೂ ಅದರೊಳಗೆ ಬರುವುದಿಲ್ಲ. ಅಮೆರಿಕದಲ್ಲಿ 2003ರಿಂದ 1 ಎಕರೆ, ಅಂದರೆ ನಮ್ಮ 40 ಗುಂಟೆ ಜಾಗ ಅಗೆಯುವವರೂ ಮಣ್ಣು ಹೊರಗೆ ಹರಿಯದಂತೆ ಏನು ಮಾಡುತ್ತೇವೆಂದು ಮೊದಲೇ ಬರೆದುಕೊಟ್ಟು ಪರವಾನಗಿ ಪಡೆಯಬೇಕು. ನಮ್ಮಲ್ಲಿ ಆ ಕೀಲಿಕೈ ಇರುವುದು ಗ್ರಾಮ ಪಂಚಾಯಿತಿಯಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಉಪವಿಧಿ ಮಾಡುವ ಅಧಿಕಾರವೂ ಅದೇ ಕಾಯ್ದೆಯಲ್ಲಿದೆ. ನಾವು ಲೈಸೆನ್ಸು ಎಂದರೆ ನಕ್ಷೆ, ಶುಲ್ಕ, ರಸೀದಿ ಇಷ್ಟೇ ಎಂದು ತಿಳಿದಿದ್ದೇವೆ. ಮಣ್ಣಿನ ಬಗ್ಗೆ ನಾಲ್ಕು ಷರತ್ತುಗಳು ಅಲ್ಲಿ ಸೇರಲಿ ಎಂದು ಗ್ರಾಮಸಭೆಯಲ್ಲಿ ಕೇಳಬೇಕಾದವರು ನಾವೇ.

ಆ ಷರತ್ತುಗಳೇನೂ ಕಷ್ಟದವಲ್ಲ. ಮೊದಲನೆಯದು, ಮಣ್ಣಿನ ಕೆಲಸ ದೀಪಾವಳಿ ಕಳೆದ ಮೇಲೆ ಶುರುವಾಗಿ ಮೃಗಶಿರಾ ಮಳೆ ಹುಟ್ಟುವ ಮೊದಲು ಮುಗಿಯಬೇಕು. ಎರಡನೆಯದು, ಸೈಟಿನ ಮೇಲ್ಬದಿಗೆ ಒಂದು ಅಗಳು ತೆಗೆದು ಗುಡ್ಡದ ನೀರನ್ನು ಹೊರಗಿನಿಂದಲೇ ತಿರುಗಿಸಬೇಕು. ಕೆಳಬದಿಗೆ ಹೂಳುಗುಂಡಿ ತೋಡಿ, ಕೆಸರು ಅಲ್ಲೇ ಇಳಿದು ನೀರು ಮಾತ್ರ ಮುಂದೆ ಹೋಗುವಂತೆ ಮಾಡಬೇಕು. ಮೂರನೆಯದು, ಮಣ್ಣಿನ ರಾಶಿ ಚರಂಡಿ, ಹಳ್ಳದ ಹತ್ತಿರ ಇರಬಾರದು, ಮಳೆಗೆ ಬರಿದಾಗಿ ಬಿಡಬಾರದು. ಮುಚ್ಚಲು ಅಡಿಕೆ ಸೋಗೆಗೆ ನಮ್ಮಲ್ಲೇನು ಬರವೇ? ನಾಲ್ಕನೆಯದು, ಧರೆಯನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯದೆ ಮೆಟ್ಟಿಲು ಮಾಡಿ, ಲಾವಂಚವನ್ನೋ ಹುಲ್ಲನ್ನೋ ಹಚ್ಚಬೇಕು. ಹೂಳುಗುಂಡಿಯನ್ನು ಮಳೆ ಹೊಳವಾದಾಗಲೆಲ್ಲ ಖಾಲಿ ಮಾಡಬೇಕು, ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

"ಬಡವರು ಮನೆ ಕಟ್ಟುವಾಗ ಇದೊಂದು ಹೊರೆ" ಎಂಬ ಆಕ್ಷೇಪ ಬರುತ್ತದೆ. ನ್ಯಾಯವಾದ ಮಾತೇ. ಸಣ್ಣ ಮನೆಗೆ ಇದು ಒಂದೆರಡು ಆಳಿನ ಕೆಲಸ. ಕೈಲಾಗದವರಿಗೆ ಸಂಘ ಕೈಜೋಡಿಸಲಿ. ತೋಟ ಹಾಳಾದ ಮೇಲೆ ಕಾಲುವೆ ತೆಗೆಸುವ ಖರ್ಚು ಎಷ್ಟೆಂದು ನಮ್ಮನ್ನು ಕೇಳಿ, ಓಚರು ತೋರಿಸುತ್ತೇವೆ.

ಆದ್ದರಿಂದ ನಮ್ಮ ಬಿನ್ನಹ ಎರಡೇ. ಸಂಘದ ಸ್ವಂತ ಕಟ್ಟಡಗಳಿಗೂ, ಸಂಘ ಕೊಡುವ ಕಟ್ಟಡ ಸಾಲಗಳಿಗೂ ಈ ನಾಲ್ಕು ಷರತ್ತು ಹಾಕಲು ಬರುವ ಮಹಾಸಭೆಯಲ್ಲಿ ಠರಾವು ಆಗಲಿ. ಆ ಠರಾವನ್ನು ಹಿಡಿದುಕೊಂಡೇ ಗ್ರಾಮಸಭೆಗೆ ಹೋಗೋಣ. ನಾವು ಮಾಡದ್ದನ್ನು ಊರಿಗೆ ಮಾಡಿ ಎಂದರೆ ಯಾರು ಕೇಳುತ್ತಾರೆ?

ಮೇಲಿನವನು ಕೆಳಗಿನವನನ್ನು ನೆನೆಯುವುದೇ ಸಹಕಾರ ಎಂದು ನಾವು ತಿಳಿದಿದ್ದೇವೆ. ಆ ಸದಸ್ಯರು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಉಪಸಮಿತಿಯ ಪರವಾಗಿ ಎಲ್ಲರೆದುರು ಅವರ ಕ್ಷಮೆ ಕೇಳಿ ನಮ್ಮ ಮಾತು ಮುಗಿಸುತ್ತೇವೆ.