ಆ ಮೊದಲ ಒಂದು ಗಂಟೆ ಯಾರದು?

ಇವತ್ತು ನಿಮಗೊಂದು ಪ್ರಶ್ನೆ. ರಾತ್ರಿ ಎರಡು ಗಂಟೆಗೆ ನಿಮ್ಮೂರಿನ ಹಿಂದಿನ ಗುಡ್ಡ ಜಾರಿತು ಅಂದ್ಕೊಳ್ಳಿ. ಕರೆಂಟ್ ಇಲ್ಲ, ಮೊಬೈಲ್ ಟವರ್ ಇಲ್ಲ, ರಸ್ತೆಯಂತೂ ಇಲ್ಲವೇ ಇಲ್ಲ. ಮೊದಲು ಬಂದು ಬಾಗಿಲು ಬಡಿಯೋರು ಯಾರು? ಸೇನೆನಾ? ಎನ್‌ಡಿಆರ್‌ಎಫ್‌ನವರಾ? ಅಲ್ಲ ಸ್ವಾಮಿ. ಪಕ್ಕದ ಮನೆಯವನು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಇದನ್ನೇ ನೋಡಿದ್ವಿ. ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ಹೆದ್ದಾರಿಯೇ ಕಡಿದುಹೋಯ್ತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಚೂರಲ್‌ಮಲೆಯಲ್ಲಿ ಸೇತುವೆ ಕೊಚ್ಚಿಹೋಗಿ, ಆಚೆ ದಡದ ಮುಂಡಕ್ಕೈಗೆ ದಾರಿಯೇ ಇಲ್ಲದಂತಾಯ್ತು. ಸೇನೆ ಹಗಲು ರಾತ್ರಿ ದುಡಿದು 190 ಅಡಿಯ ಬೇಲಿ ಸೇತುವೆ ಕಟ್ಟಿತು. ಅವರಿಗೊಂದು ಸಲಾಂ. ಆದರೆ ಅದು ಮುಗಿದದ್ದು ಆಗಸ್ಟ್ 1ಕ್ಕೆ. ಮೊದಲ ಗಂಟೆಗಳ ಆ ಕತ್ತಲಲ್ಲಿ ಕೆಸರಿಗಿಳಿದು ಕೈಹಿಡಿದು ಎಳೆದವರು ಊರಿನವರೇ.

ನಮ್ಮ ಜನಕ್ಕೆ ಧೈರ್ಯಕ್ಕೇನೂ ಕಮ್ಮಿ ಇಲ್ಲ. ಕಮ್ಮಿ ಇರೋದು ತರಬೇತಿ. ಕೆರೆಯಲ್ಲಿ ಒಬ್ಬ ಮುಳುಗಿದ, ಉಳಿಸೋಕೆ ಹೋದ ಇನ್ನಿಬ್ಬರೂ ಮುಳುಗಿದರು ಅನ್ನೋ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದ್ತೀನಿ. ಓದುವಾಗ ನಾಲಿಗೆ ತಡವರಿಸುತ್ತೆ.

ತರಬೇತಿಯಲ್ಲಿ ಮೊದಲು ಹೇಳಿಕೊಡೋದೇ, ನೀರಿಗೆ ಹಾರಬೇಡ ಅಂತ! ಮೊದಲು ಕೋಲು ಚಾಚು. ಸಿಗದಿದ್ರೆ ಹಗ್ಗ ಎಸೆ. ಅದೂ ಆಗದಿದ್ರೆ ದೋಣಿ. ಈಜಿಕೊಂಡು ಹೋಗೋದು ಕಟ್ಟಕಡೆಯ ದಾರಿ. ಹಗ್ಗದ ಗಂಟು ಹಾಕೋದು, ಎರಡು ಬಿದಿರು ಒಂದು ಕಂಬಳಿಯಲ್ಲಿ ಸ್ಟ್ರೆಚರ್ ಮಾಡೋದು, ಖಾಲಿ ಡ್ರಮ್ ಕಟ್ಟಿ ತೆಪ್ಪ ಮಾಡೋದು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಒತ್ತೋದು. ಇದ್ಯಾವುದಕ್ಕೂ ಡಿಗ್ರಿ ಬೇಕಿಲ್ಲ. ಕೈಗೆ ಅಭ್ಯಾಸ ಬೇಕು, ಅಷ್ಟೇ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಯೋಜನೆ ಒಂದಿದೆ, ಹೆಸರು ಆಪದ ಮಿತ್ರ. ಆಪ್ತಮಿತ್ರ ಅಲ್ಲ, ಅದು ಸಿನಿಮಾ! 2016ರಲ್ಲಿ ದೇಶದ 30 ಜಿಲ್ಲೆಗಳಲ್ಲಿ, ಜಿಲ್ಲೆಗೆ 200ರಂತೆ 6,000 ಜನರಿಗೆ ಅಂತ ಶುರುವಾಯ್ತು. ಆಮೇಲೆ 350 ಜಿಲ್ಲೆ, ಒಂದು ಲಕ್ಷ ಸ್ವಯಂಸೇವಕರು ಅನ್ನೋ ಗುರಿಗೆ ಬೆಳೀತು. 12 ದಿನದ ತರಬೇತಿ, ಒಂದು ಕಿಟ್, ಜೊತೆಗೆ ವಿಮೆ. ಒಳ್ಳೆಯ ಕೆಲಸ. ಒಳ್ಳೆಯದನ್ನ ಒಳ್ಳೆಯದು ಅಂತಲೇ ಹೇಳಬೇಕು.

ಆದರೆ ಹದಿಮೂರನೇ ದಿನ ಏನಾಗುತ್ತೆ? ನನ್ನ ಪ್ರಶ್ನೆ ಅದು. ಸರ್ಟಿಫಿಕೇಟ್ ಗೋಡೆಗೆ, ಕಿಟ್ ಅಟ್ಟಕ್ಕೆ ಹೋದರೆ ಪ್ರಯೋಜನ ಏನು? ವರ್ಷಕ್ಕೊಮ್ಮೆ ಮತ್ತೆ ಕೈಯಾಡಿಸದಿದ್ದರೆ ಹಗ್ಗದ ಗಂಟು ಮರೆತುಹೋಗುತ್ತೆ. ಕಲಿತ ಹುಡುಗ ಕೆಲಸ ಹುಡುಕಿ ಬೆಂಗಳೂರಿಗೆ ಬಂದುಬಿಟ್ಟರೆ, ಊರಲ್ಲಿ ಅವನ ಜಾಗಕ್ಕೆ ಇನ್ನೊಬ್ಬ ತಯಾರಾಗಬೇಕಲ್ವಾ? ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ತರಬೇತಿ ಪಡೆದವರು ಯಾರು ಅಂತ ನಿಮಗೆ ಗೊತ್ತಾ? ಪಿಡಿಒ ಅವರಿಗೆ ಗೊತ್ತಾ?

ಹೋಗಿ ಕೇಳಿ. ಮುಂದಿನ ಗ್ರಾಮಸಭೆಯಲ್ಲೇ ಕೇಳಿ. ಇದ್ದರೆ ಅವರ ಹೆಸರು, ನಂಬರು ಪಂಚಾಯ್ತಿ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಜಿಲ್ಲಾ ಸಹಾಯವಾಣಿ 1077ರ ಪಕ್ಕದಲ್ಲೇ. ಇಲ್ಲದಿದ್ದರೆ ನಮ್ಮೂರಿಗೂ ಇಬ್ಬರನ್ನ ತಯಾರು ಮಾಡಿ ಅಂತ ಅರ್ಜಿ ಕೊಡಿ. ಮಳೆಗಾಲ ಬರೋಕೆ ಮುಂಚೆ ಕೊಡಿ.

ಗುಡ್ಡ ಕುಸಿದ ಮೇಲೆ ನಮ್ಮ ಕ್ಯಾಮೆರಾ ಬಂದೇ ಬರುತ್ತೆ. ಅದು ಬರೋಷ್ಟರಲ್ಲಿ ಆ ಮೊದಲ ಗಂಟೆ ಮುಗಿದಿರುತ್ತೆ. ಅದು ನಿಮ್ಮದು, ನಿಮ್ಮ ಪಕ್ಕದ ಮನೆಯವನದು.