ಹಿಂದಿನ ಸಾಲಿನ ಮಗು



"ನಮ್ಮ ಹುಡುಗನ ತಲೆಗೆ ಓದು ಹತ್ತಲ್ಲ ಮೇಷ್ಟ್ರೇ." ಕೂಲಿಗೆ ಹೋಗುವ ತಾಯಂದಿರು ಹೀಗೆ ಹೇಳುತ್ತಾರೆ. ನಾವು ಮೇಷ್ಟ್ರುಗಳೂ ಅದನ್ನೇ ನಂಬಿದ್ದೆವು.

ಕೇರಿಯ ಮಕ್ಕಳು ಹಿಂದಿನ ಸಾಲಲ್ಲಿ ಕೂರುತ್ತಿದ್ದರು. ಬೇಕಂತ ಕೂರಿಸಿದ್ದಲ್ಲ ಅಂತೀವಿ. ಆದರೆ ಜಮೀನುದಾರರ ಮಕ್ಕಳು ಮುಂದೆ ಇದ್ದರಲ್ಲ! ನಾವು ಪ್ರಶ್ನೆ ಕೇಳಿದ್ದೂ ಮುಂದಿನವರನ್ನೇ. ಕಡಲೆಕಾಯಿ ಕೀಳುವ ಕಾಲ ಬಂದರೆ ಕೇರಿಯ ಮಕ್ಕಳು ಹದಿನೈದು ದಿನ ಬರುತ್ತಿರಲಿಲ್ಲ. ಅಷ್ಟರಲ್ಲಿ ಭಾಗಾಕಾರದ ಪಾಠ ಮುಗಿದಿರುತ್ತಿತ್ತು. ಮನೆಯಲ್ಲಿ ಹೇಳಿಕೊಡುವವರಿಲ್ಲ. ಪರೀಕ್ಷೆಯಲ್ಲಿ ಸೊನ್ನೆ. "ದಡ್ಡರು" ಅಂದುಬಿಟ್ಟೆವು.

ಒಂದು ಸಂಜೆ ಅವರನ್ನು ಕೂರಿಸಿಕೊಂಡೆವು. "ನಾಲ್ಕು ಜನರ ಕೂಲಿ 1,200 ರೂಪಾಯಿ. ಒಬ್ಬರಿಗೆ ಎಷ್ಟು?" ಅಂತ ಕೇಳಿದೆವು. "ಮುನ್ನೂರು!" ಥಟ್ಟನೆ ಬಂತು ಉತ್ತರ. ನಮಗೇ ನಾಚಿಕೆ ಆಯಿತು.

ಅಂಬೇಡ್ಕರ್ ಅವರೂ ಚಿಕ್ಕಂದಿನಲ್ಲಿ ಸತಾರಾದ ಶಾಲೆಯಲ್ಲಿ ಬೇರೆ ಕೂತವರು. ಕೂರಲು ಮನೆಯಿಂದಲೇ ಗೋಣಿ ತರಬೇಕಿತ್ತು. ನಲ್ಲಿ ಮುಟ್ಟುವ ಹಾಗಿಲ್ಲ. ಜವಾನ ಇಲ್ಲದಿದ್ದರೆ ನೀರೂ ಇಲ್ಲ. ಅದೇ ಹುಡುಗ ಮುಂದೆ ಅಮೆರಿಕಕ್ಕೆ, ಲಂಡನ್‌ಗೆ ಹೋಗಿ ದೊಡ್ಡ ದೊಡ್ಡ ಪದವಿ ಪಡೆದರು. ಗೋಣಿಯ ಮೇಲೆ ಕೂತದ್ದು ದಡ್ಡ ತಲೆಯೇ?

ಹಸಿವೂ ಒಂದು ಕಾರಣ. 2002ರಲ್ಲಿ ನಮ್ಮ ರಾಜ್ಯದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಆಮೇಲೆ ಎಲ್ಲ ಕಡೆ ಬಂತು. ಉಂಡ ಮಗು ಮಧ್ಯಾಹ್ನದ ಪಾಠ ಕೇಳುತ್ತದೆ. ಆದರೆ ಊಟಕ್ಕೆ ಜಾತಿ ನೋಡಿ ಬೇರೆ ಸಾಲು ಮಾಡುವುದು ಕಾನೂನಿನಲ್ಲಿ ಅಪರಾಧ. ತಿಳಿದಿರಲಿ.

ಈಗ ನಮ್ಮ ತರಗತಿಯಲ್ಲಿ ವಾರಕ್ಕೊಮ್ಮೆ ಸಾಲು ಬದಲಾಗುತ್ತದೆ. ನೀವೂ ಒಂದು ದಿನ ಶಾಲೆಗೆ ಬನ್ನಿ. ನಿಮ್ಮ ಮಗು ಎಲ್ಲಿ ಕೂತಿದೆ ನೋಡಿ. ಹಿಂದೆಯೇ ಇದ್ದರೆ, ಯಾಕೆ ಅಂತ ನಮ್ಮನ್ನೇ ಕೇಳಿ.