ಜಿಲೆಟಿನ್ ಲೆಕ್ಕ ಕೇಳುವವರು ಯಾರು?

(ಕಾರ್ಯಕರ್ತರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ನಾನು ಪ್ರೆಸ್ ನಡೆಸುವವನು. ಪಿಯುಸಿಗೇ ಓದು ಮುಗಿಸಿದವನು. ಕಾನೂನು ಪಂಡಿತನಲ್ಲ. ಆದರೆ ಲೆಕ್ಕ ಇಡುವುದೆಂದರೇನು ಎಂಬುದು ಬಲ್ಲೆ.

ಚುನಾವಣೆಯ ಒಂದು ಕರಪತ್ರ ಅಚ್ಚುಹಾಕಬೇಕಾದರೆ ಅದರ ಮೇಲೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕನಿಂದ ಘೋಷಣೆ ಬರೆಸಿಕೊಳ್ಳಬೇಕು. ಪ್ರತಿಯೊಂದಿಗೆ ಅದನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ! ಇದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಮಾತು. ಒಂದು ಹಾಳೆ ಕಾಗದಕ್ಕೆ ಇಷ್ಟು ಕಾವಲು. ಬಂಡೆ ಸೀಳುವ ಜಿಲೆಟಿನ್ ಕಡ್ಡಿಗೆ?

ಕಾಯ್ದೆ ಇಲ್ಲವೆಂದಲ್ಲ. 1884ರ ಸ್ಫೋಟಕಗಳ ಕಾಯ್ದೆ ಇದೆ, 1908ರ ಸ್ಫೋಟಕ ವಸ್ತುಗಳ ಕಾಯ್ದೆ ಇದೆ, 2008ರ ನಿಯಮಗಳಿವೆ. ಲೈಸೆನ್ಸ್ ಪಡೆದವನು ಬಂದದ್ದು, ಖರ್ಚಾದದ್ದು, ಉಳಿದದ್ದು ಬರೆದಿಡಬೇಕು. ಲೈಸೆನ್ಸ್ ಇಲ್ಲದವನಿಗೆ ಮಾರುವಂತಿಲ್ಲ. ಆದರೆ ಪುಸ್ತಕದಲ್ಲಿ ಬರೆದದ್ದೇ ಸತ್ಯವೆಂದು ನಂಬಿ ಕೂತರೆ ಆಯಿತೇ? ನಲವತ್ತು ಕಡ್ಡಿ ಸಿಡಿಸಿ ಐವತ್ತು ಎಂದು ಬರೆದರೆ ಉಳಿದ ಹತ್ತು ಎಲ್ಲಿಗೆ ಹೋಗುತ್ತವೆ? ಅಕ್ರಮ ಕ್ವಾರಿಗೆ ಹೋಗಬಹುದು, ಹೊಳೆಯಲ್ಲಿ ಮೀನು ಕೊಲ್ಲಲು ಹೋಗಬಹುದು, ಇನ್ನೂ ಕೆಟ್ಟ ಕೈಗೂ ಸೇರಬಹುದು!

2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಬಳಿಯ ಹುಣಸೋಡಿನಲ್ಲಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿಯಿತು. ಸುತ್ತಲ ಊರಿನವರು ಭೂಕಂಪವೆಂದು ಮನೆಯಿಂದ ಹೊರಗೆ ಓಡಿದರು. ಇಡೀ ರಾಜ್ಯ ಬೆಚ್ಚಿತು. ಎಚ್ಚೆತ್ತಿತೇ? ಮರು ತಿಂಗಳೇ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಆರು ಜನ ಸತ್ತರು. ಆ ಕ್ವಾರಿಯ ಮೇಲೆ ಪೊಲೀಸರು ಮೊದಲೇ ದಾಳಿ ಮಾಡಿದ್ದರು. ಬಚ್ಚಿಟ್ಟಿದ್ದ ಜಿಲೆಟಿನ್ ಸಾಗಹಾಕಲು ಹೋದಾಗ ಸಿಡಿಯಿತೆಂದು ಪತ್ರಿಕೆಗಳು ಬರೆದವು.

ಬಂಧುಗಳೇ, ಇಲ್ಲಿಯೇ ಪಾಠವಿದೆ. ದಾಳಿ ಮಾಡಿದರೆ ಸಾಲದು, ತಾಳೆ ನೋಡಬೇಕು. ಪುಸ್ತಕದಲ್ಲೆಷ್ಟು, ಗೋದಾಮಿನಲ್ಲೆಷ್ಟು, ಕುಳಿಯಲ್ಲೆಷ್ಟು? ಹೊಕ್ಕು ತಪಾಸಣೆ ಮಾಡುವ, ವಶಪಡಿಸಿಕೊಳ್ಳುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ. ಸ್ಫೋಟವಾದ ಮೇಲೆ ಪಂಚನಾಮೆ ಬರೆಯುವುದು ಉಸ್ತುವಾರಿಯಲ್ಲ, ಶವದ ಲೆಕ್ಕ! ಸಿಡಿಯುವ ಮೊದಲೇ ಕಡ್ಡಿಯ ಲೆಕ್ಕ ಕೇಳುವುದೇ ಉಸ್ತುವಾರಿ.

ಲೈಸೆನ್ಸ್ ಕೊಡುವ ಕೇಂದ್ರ ಇಲಾಖೆಯ ಮುಖ್ಯ ಕಚೇರಿ ದೂರದ ನಾಗಪುರದಲ್ಲಿದೆ. ಊರ ಮಗ್ಗುಲಲ್ಲಿರುವುದು ಠಾಣೆ. ನಾಗಪುರ ನೋಡಿಕೊಳ್ಳುತ್ತದೆಂದು ಠಾಣೆ, ಠಾಣೆ ನೋಡಿಕೊಳ್ಳುತ್ತದೆಂದು ಗಣಿ ಇಲಾಖೆ ಸುಮ್ಮನಿದ್ದರೆ ನಡುವೆ ಸಾಯುವವನು ಕೂಲಿಕಾರ.

ನಮ್ಮ ಬೇಡಿಕೆ ಮೂರೇ. ಒಂದು, ಪ್ರತಿ ಕ್ವಾರಿಯಲ್ಲೂ ತಿಂಗಳಿಗೊಮ್ಮೆ ಪೊಲೀಸ್, ಕಂದಾಯ, ಗಣಿ ಇಲಾಖೆಗಳು ಒಟ್ಟಾಗಿ ದಾಸ್ತಾನು ತಾಳೆ ನೋಡಲಿ. ಎರಡು, ಲೈಸೆನ್ಸ್ ಯಾರದು, ಎಂದಿನವರೆಗೆ, ಸ್ಫೋಟದ ಹೊತ್ತು ಯಾವುದು ಎಂಬುದನ್ನು ಕ್ವಾರಿಯ ಬಾಗಿಲಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆಸಲಿ. ಹೊರರಾಜ್ಯದ ಕೂಲಿಕಾರರಿದ್ದರೆ ಎಚ್ಚರಿಕೆ ಅವರ ಭಾಷೆಯಲ್ಲೂ ಇರಲಿ, ಜೀವ ಎಲ್ಲರದೂ ಒಂದೇ. ಮೂರು, ತಾಳೆ ನೋಡದೆ ಸಹಿ ಹಾಕಿದ ಅಧಿಕಾರಿಯೂ ಉತ್ತರ ಹೇಳಲಿ.

ನೀವೂ ಸುಮ್ಮನಿರಬೇಡಿ. ನಿಮ್ಮೂರ ಪಕ್ಕ ರಾತ್ರಿ ಹೊತ್ತು ಸಿಡಿಮದ್ದಿನ ಸದ್ದು ಕೇಳಿದರೆ, ಗೋಡೆ ಬಿರುಕು ಬಿಟ್ಟರೆ, ಠಾಣೆಗೆ ಬರೆದು ಕೊಡಿ. ಕನ್ನಡದಲ್ಲೇ ಬರೆಯಿರಿ. ಸ್ವೀಕೃತಿ ಕೇಳಿ ಪಡೆಯಿರಿ. ಇನ್ನೊಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ ಕಳಿಸಿ. ಕೇಳುವವರಿದ್ದರೆ ಮಾತ್ರ ಲೆಕ್ಕ ಹೇಳುವವರಿರುತ್ತಾರೆ.